ಜೋಳದ ಹಕ್ಕಿಯ ತವರು

"ಹಾಹಾಹಾ... ಹೋಯ್!"

ತುರ್ಕಿ ದೇಶ ಅಂದಾಗೆಲ್ಲ ಮೊದಲು ನನ್ನ ಕಿವಿಗೆ ಬರುವುದು ಈ ಸದ್ದು. ನಮ್ಮ ಶಾಂತವ್ವ ಅಲ್ಲಿಯ ದ್ರಾಕ್ಷಿ ತೋಟದ ನಡುವೆ ನಿಂತು, ಎರಡೂ ಕೈ ಬಾಯಿಯ ಸುತ್ತ ಹಿಡಿದು, ಹೊಟ್ಟೆಯಾಳದಿಂದ ಕೂಗಿದ ಕೂಗು. ಅದು ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಬೇಲಿಯ ಹತ್ತಿರ ಮಲಗಿದ್ದ ನಾಯಿ ಎದ್ದು ನಿಂತಿತು. ನಮ್ಮ ಗೈಡ್ ಮುರಾತ್ ಕೈಯಲ್ಲಿದ್ದ ನೀರಿನ ಬಾಟಲಿ ಬಿಟ್ಟುಬಿಟ್ಟ. ಯಾವ ಹಕ್ಕಿಗಾಗಿ ನಾನು ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮೊಟ್ಟಮೊದಲ ಪಾಸ್‌ಪೋರ್ಟ್ ಮಾಡಿಸಿ ಅಷ್ಟು ದೂರ ಹೋಗಿದ್ದೆನೋ, ಆ ಹಕ್ಕಿ ಬಳ್ಳಿಯ ತುದಿಯಿಂದ ಎದ್ದು, ಒಂದು ಹಳದಿ ಚುಕ್ಕೆಯಾಗಿ, ಗುಡ್ಡದ ಆಚೆ ಕಾಣದಾಯಿತು.

"ಅಯ್ಯಯ್ಯ ಅಕ್ಕಾರ, ಬಾಯಿ ತಂತಾನ ತೆರೀತ್ರಿ," ಅಂದಳು ಶಾಂತವ್ವ, ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಎಂಟು ವರ್ಷದಾಕಿ ಇದ್ದಾಗಿಂದ ಇದನ್ನ ಕಂಡ್ರ ಕೂಗೇನಿ. ಇವತ್ತ ಒಂದಿನ ಬ್ಯಾಡ ಅಂದ್ರ ಬಾಯಿ ಹ್ಯಾಂಗ ಕೇಳತೈತಿ?"

ಬಾಯಿಯ ತಪ್ಪಲ್ಲ, ನಿಜ. ಯಾಕೆ ಅಂತ ತಿಳಿಯಬೇಕಾದರೆ ನೀವು ನನ್ನ ಜೊತೆ ಮೊದಲು ವಿಜಯಪುರ ಜಿಲ್ಲೆಯ ಬಬಲೇಶ್ವರಕ್ಕೆ ಬರಬೇಕು.

ಬಬಲೇಶ್ವರ

ಶಾಂತವ್ವ ನನ್ನ ನೆಗೆಣ್ಣಿ. ನಮ್ಮ ಯಜಮಾನರ ತಮ್ಮನ ಹೆಂಡತಿ. ಹುಟ್ಟಿದ್ದು ಬಬಲೇಶ್ವರ, ಕೊಟ್ಟದ್ದು ತಿಕೋಟಾ. ನಾನು ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಫೋರ್ಕನ್ನು ಎಡಗೈಯಲ್ಲಿ ಹಿಡಿಯಲು ಕಲಿತ ವಯಸ್ಸಿನಲ್ಲಿ ಆಕೆ ಅಪ್ಪನ ಹೊಲದ ಅಟ್ಟ ಏರಿ ಕವಣೆ ಬೀಸಲು ಕಲಿತವಳು. ಮೂರನೇ ಇಯತ್ತೆಗೆ ಸಾಲಿ ಬಿಡಿಸಿದ್ದೂ ಹಕ್ಕಿಗಳೇ. ಬಿಳಿಜೋಳದ ತೆನೆ ಹಾಲುಗಟ್ಟುವ ದಿನಗಳಲ್ಲಿ ಮನೆಯವರು ಯಾರಾದರೂ ಒಬ್ಬರು ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ಇರಲೇಬೇಕು. ನಾಲ್ಕು ಮಕ್ಕಳಲ್ಲಿ ಗಂಟಲು ಜೋರಿದ್ದದ್ದು ಈಕೆಗೆ.

ಆ ಹಕ್ಕಿಗಳು ದಸರೆ ದೀಪಾವಳಿಗಳ ನಡುವೆ ಬರುತ್ತವೆ. ಗುಬ್ಬಿಗಿಂತ ತುಸು ದಪ್ಪ, ಮಾಸಿದ ಹಳದಿ. ಹೊಲದ ಮೇಲೆ ಯಾರೋ ದೊಡ್ಡ ಚಾದರ ಝಾಡಿಸಿದ ಹಾಗೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಕೂಡುತ್ತವೆ. ಇಂಗ್ಲಿಷಿನಲ್ಲಿ ಬ್ಲ್ಯಾಕ್-ಹೆಡೆಡ್ ಬಂಟಿಂಗ್. ಶಾಂತವ್ವನ ತವರಿನಲ್ಲಿ ಜ್ವಾಳದ ಹಕ್ಕಿ ಅಂದರೆ ಮುಗಿಯಿತು. ಯುಗಾದಿ ಹತ್ತಿರ ಬರುವಾಗ ಗಂಡಿನ ತಲೆ ಕಪ್ಪಗೆ, ಎದೆ ಅರಿಷಿಣ ಹಚ್ಚಿದಂತೆ, ಥೇಟ್ ಮದುಮಗನ ಕಳೆ. ಮರುವಾರ ಹೋಗಿ ನೋಡಿದರೆ ಒಂದೂ ಇರುವುದಿಲ್ಲ.

ಶಾಂತವ್ವನ ಮದುವೆಯಾದ ಮರುವರ್ಷ ಸೀತನಿ ತಿನ್ನಲು ನಮ್ಮನ್ನು ಆಕೆಯ ತವರಿಗೆ ಕರೆದಿದ್ದರು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಶೇಂಗಾ ಚಟ್ನಿಯ ಜೊತೆ ತಿನ್ನುವ ಸುಖಕ್ಕೆ ನಾನು ಇಂಗ್ಲಿಷಿನಲ್ಲಿ ಇವತ್ತಿಗೂ ಶಬ್ದ ಹುಡುಕುತ್ತಿದ್ದೇನೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕ್ಲೇರ್ ಶನಿವಾರ ಶನಿವಾರ ನೇಚರ್ ವಾಕ್ ಮಾಡಿಸುತ್ತಿದ್ದರು. ಹಕ್ಕಿ ಕಂಡರೆ ನೋಟ್‌ಬುಕ್ಕಿನಲ್ಲಿ ಬರೆಯುವ ಚಟ ಅಲ್ಲಿಯದು. ಹಾಗಾಗಿ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡೇ ಹೋಗಿದ್ದೆ. ಆ ಮಧ್ಯಾಹ್ನ ಒಂದೇ ಅಟ್ಟದ ಮೇಲೆ ನಾವಿಬ್ಬರೂ. ನಾನು "ಶ್! ಸದ್ದು ಮಾಡಬ್ಯಾಡ, ಎಣಿಸಾಕತ್ತೇನಿ" ಅನ್ನುವುದು, ಆಕೆ ಕವಣೆ ಬೀಸಿ "ಹೋಯ್" ಅನ್ನುವುದು.

"ಅಕ್ಕಾರ, ನೀವು ಎಣಿಸಿ ಮುಗಿಸೂದ್ರಾಗ ಅವು ತಿಂದು ಮುಗಸ್ತಾವ್ರಿ," ಅಂದಿದ್ದಳು.

ಅಂದಿನಿಂದ ಪ್ರತಿ ಜನವರಿ ಬಬಲೇಶ್ವರ ನನಗೆ ತಪ್ಪಿಲ್ಲ. ಯಜಮಾನರು ಇದ್ದಾಗ ಸ್ಕೂಟರಿನಲ್ಲಿ, ಅವರು ಹೋದಮೇಲೆ ಬಸ್ಸಿನಲ್ಲಿ. ನೋಟ್‌ಬುಕ್ಕುಗಳು ತುಂಬಿದವು. ಒಂದು ಕಾಲಮ್ ಮಾತ್ರ ವರ್ಷ ವರ್ಷ ಖಾಲಿ: 'ಹಾಡು'. ನಮ್ಮ ಹೊಲದಲ್ಲಿ ಈ ಹಕ್ಕಿ ಹಾಡುವುದಿಲ್ಲ. ಚಿಟ್ ಚಿಟ್ ಅಂತ ತನ್ನ ಮಂದಿಯ ಜೊತೆ ಮಾತಾಡಿಕೊಂಡು ಉಣ್ಣುತ್ತದೆ, ಅಷ್ಟೆ. ಅದು ಬಾಯಿಬಿಟ್ಟು ಹಾಡುವುದು ಗೂಡು ಕಟ್ಟುವ ಊರಿನಲ್ಲಿ, ಸಾವಿರಾರು ಮೈಲಿ ಆಚೆ. ನಲವತ್ತಕ್ಕೂ ಹೆಚ್ಚು ವರ್ಷ ನಮ್ಮ ಜೋಳ ಉಂಡ ಅತಿಥಿ, ಒಂದು ದಿನ ಒಂದು ಸಾಲು ಹಾಡಲಿಲ್ಲ.

ಸ್ಟೇಷನ್ ರಸ್ತೆ

ಆ ಹಾಡು ಕೇಳುವ ಹಟ ಯಾವಾಗ ಅವಸರವಾಯಿತು ಅಂತಲೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ, ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಮಹಡಿಯ ಮೇಲೆ, ಕಿವಿಯ ಮಷಿನ್ ಮಾರುವವರ ಕೋಣೆಯಲ್ಲಿ. ತಲೆಗೆ ಹೆಡ್‌ಫೋನ್ ಹಾಕಿ ಸದ್ದು ಕೇಳಿಸಿದರು. ಕೇಳಿದಾಗ ಗುಂಡಿ ಒತ್ತಬೇಕು. ಬಹಳ ಹೊತ್ತು ಗುಂಡಿ ಒತ್ತದೆ ಕುಳಿತಿದ್ದೆ. ಇನ್ನೂ ಶುರುವೇ ಆಗಿಲ್ಲ ಅಂದುಕೊಂಡಿದ್ದೆ. ಮುಗಿದೇ ಹೋಗಿತ್ತು.

"ಮೇಡಂ, ದಪ್ಪ ದನಿ ಇನ್ನೂ ಚಲೋ ಕೇಳ್ತಾವ್ರಿ," ಅಂದರು ಅವರು. "ಸಣ್ಣ ದನಿ ಹೊಂಟಾವ. ಬಲಗಿವಿ ಮುಗೀತು ಅಂತನ ತಿಳೀರಿ. ಎಡಗಿವಿಗಿ ಮಷಿನ್ ಹಾಕೂಣು."

"ಹಕ್ಕಿ ದನಿ?"

"ಹಕ್ಕಿ ಎದಕ್ರಿ ಮೇಡಂ? ಮನ್ಯಾಗಿನವರ ಮಾತು ಕೇಳಿದ್ರ ಸಾಕಲ್ರಿ."

ಹಾಡು ಮೊಬೈಲಿನಲ್ಲಿ ಸಿಗುತ್ತದಲ್ಲ ಅನ್ನುತ್ತೀರಿ. ಮೊಮ್ಮಗಳು ಹಾಕಿ ಕೇಳಿಸಿದಳು. ಮಷಿನ್ನಿನ ಮೂಲಕ ಅದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿತು. ಅದನ್ನು ಕಾಲಮ್ಮಿನಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ಎಡಗಿವಿ ಇರುವಷ್ಟರಲ್ಲಿ ಆ ಹಕ್ಕಿಯ ಎದುರು ನಿಂತು ಕೇಳಬೇಕು ಅನ್ನುವುದೊಂದೇ ಉಳಿಯಿತು.

ಇನ್ನೊಂದು ಮಾತು ಫ್ರ್ಯಾಂಕ್ ಆಗಿ ಒಪ್ಪಿಕೊಳ್ಳುತ್ತೇನೆ. ನಾನು ಜಂಬದ ಹೆಂಗಸು. ಮಷಿನ್ನಿನ ಮೇಲೆ ಕೂದಲು ಬಾಚಿಕೊಂಡು, ಕೇಳದ ಮಾತಿಗೆ ನಕ್ಕು, ಹೂಂ ಅಂದು, ಯಾರಿಗೂ ಹೇಳದೆ ಇದ್ದುಬಿಟ್ಟೆ. ಶಾಂತವ್ವನಿಗೂ.

ತಿಕೋಟಾ

ತಿಕೋಟಾದ ದ್ರಾಕ್ಷಿ ಬೆಳೆಗಾರರು ಹತ್ತು ಹನ್ನೆರಡು ಜನ ಸೇರಿ ತುರ್ಕಿಗೆ ಹೊರಟಿದ್ದರು, ಅಲ್ಲಿಯ ಒಣದ್ರಾಕ್ಷಿಯ ಊರುಗಳನ್ನು ನೋಡಲು. ಶಾಂತವ್ವ ಮತ್ತು ನನ್ನ ಮೈದುನರ ಹೆಸರೂ ಇತ್ತು. ಹೊರಡುವ ಮೊದಲು ಮೈದುನರ ಮೊಣಕಾಲಿನ ಆಪರೇಶನ್ ಬಂತು, ಒಂದು ಸೀಟು ಖಾಲಿಯಾಯಿತು. ತಂಡದ ಮುಖಂಡರು ಗುರುಪಾದಪ್ಪನವರು. ಮೀಸೆ ದೊಡ್ಡದು, ನಗೆ ಅದಕ್ಕಿಂತ ದೊಡ್ಡದು. ಅವರೇ ನಮ್ಮ ಮನೆಗೆ ಬಂದರು.

"ಟೀಚರ, ನಿಮಗ ಇಂಗ್ಲಿಷ್ ಬರ್ತದ, ನಮಗ ದ್ರಾಕ್ಷಿ ಬರ್ತದ. ಕೂಡಿ ಹೋಗೂಣು ನಡೀರಿ. ಗೈಡ್ ಅಂದದ್ದು ನೀವು ನಮಗ ಕನ್ನಡದಾಗ ಹೇಳಿದ್ರ ಆತು."

ತುರ್ಕಿಯ ದ್ರಾಕ್ಷಿ ಸೀಮೆ ಅಂದರೆ ನನ್ನ ಹಕ್ಕಿ ಗೂಡು ಕಟ್ಟುವ ಸೀಮೆ. ಅದು ನನಗೆ ಎಂದೋ ಗೊತ್ತಿತ್ತು. ಅವರ ಜೊತೆ ಬಂದಿದ್ದ ಒಬ್ಬರು ಮಧ್ಯೆ ತಕರಾರು ತೆಗೆದರು: ಅಲ್ಲಿ ಒಣಗಿಸುವ ಕೆಲಸ ಆಗಸ್ಟಿನಲ್ಲಿ, ಜೂನಿನಲ್ಲಿ ಹೋದರೆ ಖಾಲಿ ಕಣ ನೋಡಿ ಬರಬೇಕು. ಆಗಸ್ಟಿಗೆ ಹಕ್ಕಿಗಳು ಅಲ್ಲಿಂದ ಹೊರಟುಬಿಟ್ಟಿರುತ್ತವೆ. ಗುರುಪಾದಪ್ಪನವರು ಒಂದೇ ಮಾತಿನಲ್ಲಿ ಮುಗಿಸಿದರು: "ಶ್ರಾವಣದಾಗ ಮನಿ ಬಿಟ್ಟು ಯಾವಂವ ಬರ್ತಾನ?" ಶ್ರಾವಣಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹೀಗೆ, ಕೇಳಿಸದ ಕಿವಿ ಇಟ್ಟುಕೊಂಡು, ಕೇಳಿ ಹೇಳುವ ಕೆಲಸಕ್ಕೆ ಒಪ್ಪಿ, ವಿಮಾನ ಹತ್ತಿದೆ.

ಇಜ್ಮಿರ್

ದೇವರು ದೊಡ್ಡವನು. ಗೈಡ್ ಮುರಾತ್ ಐವತ್ತರ ಮೇಲಿನ ಬೊಕ್ಕತಲೆಯ ಮನುಷ್ಯ, ದನಿ ಜೋಳ ತುಂಬಿಡುವ ನೆಲದೊಳಗಿನ ಹಗೇವಿನಿಂದ ಬಂದ ಹಾಗೆ ದಪ್ಪ. ಅವನ ಒಂದೊಂದು ಶಬ್ದವೂ ನನಗೆ ಕೇಳುತ್ತಿತ್ತು. ಮೊದಲ ದಿನ ನಾನು ಎಷ್ಟು ಚುರುಕಾಗಿ ಅನುವಾದ ಮಾಡಿದೆ ಅಂದರೆ ಗುರುಪಾದಪ್ಪನವರು, "ಟೀಚರ ಇದ್ರ ಸಾಕು, ಮುರಾತನ್ನ ವಾಪಸ್ ಕಳಸೂಣು" ಅಂದರು.

ಆದರೆ ನನ್ನ ಅನುವಾದ ಇಲ್ಲದೆಯೇ ಶಾಂತವ್ವ ವ್ಯವಹಾರ ಶುರು ಮಾಡಿದ್ದಳು. ಅಲ್ಲಿ ಚಹಾಕ್ಕೆ ಚಾಯ್, ಗಾಳಿಗೆ ಹವಾ, ಸಾಬೂನಿಗೆ ಸಾಬೂನು, ಲೋಕಕ್ಕೆ ದುನಿಯಾ. "ಇವರು ನಮ್ಮ ಮಂದಿನ ಅಕ್ಕಾರ, ಬರೇ ದೂರ ಬಂದು ಕುಂತಾರ," ಅಂದಳು. ಚಹಾ ಬಂದಾಗ ಮಾತ್ರ ಸಂಬಂಧ ಕೆಟ್ಟಿತು. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಕೆಂಪು ನೀರು, ಹನಿ ಹಾಲಿಲ್ಲ. ಶಾಂತವ್ವ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಆಕಳು ಎಲ್ಲಿಗಿ ಹೋಗ್ಯಾವ ಕೇಳ್ರಿ."

ಅಲ್ಲಿಯವರು ಒಂದು ಲೋಟ ಮುಗಿದ ಕೂಡಲೇ ಇನ್ನೊಂದು ತುಂಬುತ್ತಾರೆ. ಸಾಕು ಅಂದರೆ ಬಿಡುವುದಿಲ್ಲ. ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಟ್ಟರೆ ಮಾತ್ರ ಬಿಡುತ್ತಾರೆ. ಇದು ತಿಳಿಯುವಷ್ಟರಲ್ಲಿ ಗುರುಪಾದಪ್ಪನವರು ಒಂಬತ್ತು ಲೋಟ ಕುಡಿದಿದ್ದರು, ಮರ್ಯಾದೆಗೆ.

ಎಮಿನೆಯ ಊರು, ಮೊದಲ ದಿನ

ಸಮುದ್ರ ಬಿಟ್ಟು ಒಳಗೆ ಎರಡು ತಾಸು ಹೋದರೆ ಕಣ್ಣು ಹರಿದಷ್ಟು ದ್ರಾಕ್ಷಿ. ಆ ಊರಿನಲ್ಲಿ ನಮಗೆ ಎರಡು ರಾತ್ರಿ ವಸತಿ. ತೋಟದ ಒಡತಿ ಎಮಿನೆ, ನನಗಿಂತ ಮೂರ್ನಾಲ್ಕು ವರ್ಷ ಸಣ್ಣವಳಿರಬೇಕು, ಗಂಡ ತೀರಿದವಳು. ತಲೆಗೆ ಹೂವಿನ ಅಂಚಿನ ವಸ್ತ್ರ, ಕಾಲಿಗೆ ಹೂವಿನದೇ ಸಡಿಲ ಶಲವಾರ. ನಮ್ಮವರು ಅವಳಿಗೆ ನಮಸ್ಕಾರ ಮಾಡಿ ಮುಗಿಸುವ ಮೊದಲೇ ಬಳ್ಳಿಗಳ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಾಗಿತ್ತು. ಎಲೆ ತಿರುವಿ ನೋಡಿದರು, ಕಡ್ಡಿಯ ಮೇಲಿನ ಚಿಗುರುಗಣ್ಣು ಎಣಿಸಿದರು. ಗುರುಪಾದಪ್ಪನವರು ತಲೆ ಎತ್ತಿ ಘೋಷಿಸಿದರು: "ಇದು ನಮ್ಮ ಥಾಮ್ಸನ್ ದ್ರಾಕ್ಷಿನ ಅಲ್ಲೇನ್ರೀ!"

ಹೌದು. ಇಲ್ಲಿ ಸುಲ್ತಾನಿ ಅನ್ನುತ್ತಾರೆ, ಅದೇ ಬಳ್ಳಿ. ನಮ್ಮಲ್ಲಿ ಕಲ್ಲುಕಂಬ, ತಂತಿಯ ಮೇಲೆ ಚಪ್ಪರವಾಗಿ ಹಬ್ಬಿಸುತ್ತೇವೆ. ಇಲ್ಲಿ ಸೊಂಟದೆತ್ತರಕ್ಕೆ ನಿಲ್ಲಿಸುತ್ತಾರೆ. ನಮ್ಮಲ್ಲಿ ನೆರಳಿನ ಶೆಡ್ಡಿನಲ್ಲಿ ಬಲೆಯ ಮೇಲೆ ಒಣಗಿಸುತ್ತೇವೆ; ಇಲ್ಲಿ ಬಿಸಿಲಿನಲ್ಲಿ ಕಣದ ಮೇಲೆ ಹರವುತ್ತಾರೆ. ಅದನ್ನು ಕೇಳಿ ನಮ್ಮವರ ಎದೆ ಎರಡಿಂಚು ಉಬ್ಬಿತು. "ನೆಲದ ಮ್ಯಾಲ? ನಮ್ಮ ಶೆಡ್ಡಿನ ಫೋಟೋ ತೋರಸ್ರಿ ಅಕಿಗೆ!"

ಅಷ್ಟರಲ್ಲಿ ನಾನು ಕಂಡೆ. ಬಳ್ಳಿಯ ಸಾಲಿನ ತುದಿಯಲ್ಲಿ, ಎಲ್ಲಕ್ಕಿಂತ ಎತ್ತರದ ಕುಡಿಯ ಮೇಲೆ. ಕಪ್ಪು ತಲೆ, ಅರಿಷಿಣದ ಎದೆ. ಬಬಲೇಶ್ವರದಲ್ಲಿ ಸಾವಿರದ ನಡುವೆ ಒಂದಾಗಿರುತ್ತಿದ್ದದ್ದು ಇಲ್ಲಿ ಒಂದೇ, ಇಡೀ ತೋಟಕ್ಕೆ ಯಜಮಾನನ ಹಾಗೆ. ಕೊರಳು ಉಬ್ಬಿಸಿತು. ನನ್ನ ಕೈ ಮಷಿನ್ನಿನ ಕಡೆ ಹೋಯಿತು. ಬೈನಾಕ್ಯುಲರ್ ಏರಿಸಿದೆ. ಆಗ ಬಂದದ್ದು ಆ ಕೂಗು. ಮುಂದಿನದು ನಿಮಗೆ ಗೊತ್ತು.

ಮುರಾತ್ ಬಾಟಲಿ ಎತ್ತಿಕೊಂಡು, ಏನಾಯಿತು ಅಂತ ಎಮಿನೆ ಕೇಳುತ್ತಿದ್ದಾಳೆ ಅಂದ. ನಾನು ಎಲ್ಲ ವಿವರಿಸಿದೆ: ಈ ಹಕ್ಕಿ ಚಳಿಗಾಲದಲ್ಲಿ ನಮ್ಮ ಊರಿಗೆ ಬರುತ್ತದೆ, ನಮ್ಮ ಜೋಳ ತಿನ್ನುತ್ತದೆ, ಇವಳು ಹುಡುಗಿಯಾಗಿದ್ದಾಗಿನಿಂದ ಅದನ್ನು ಓಡಿಸಿದವಳು.

ಗುರುಪಾದಪ್ಪನವರು ನನ್ನ ಸೆರಗು ಎಳೆಯದಿದ್ದದ್ದೇ ಹೆಚ್ಚು. "ಟೀಚರ, ಓಡಸ್ತೀವಿ ಅನಬ್ಯಾಡ್ರಿ. ಕಾಳು ಹಾಕಿ ಸಾಕ್ತೀವಿ ಅನ್ರಿ. ಪರದೇಶದಾಗ ಊರ ಮರ್ಯಾದಿ ಐತಿ."

"ಯಾಕ್ರೀ?" ಅಂದಳು ಶಾಂತವ್ವ. "ಓಡಸ್ತೀನಿ ಅಂತನ ಹೇಳ್ರಿ ಅಕ್ಕಾರ. ಆದ್ರ ಕಲ್ಲು ಹಕ್ಕಿಗಿ ಹೊಡಿಯಂಗಿಲ್ಲ, ಹಕ್ಕಿ ಬಾಜೂಕ ಹೊಡೀತೀನಿ. ಒಂದು ಮೂಲ್ಯಾಗಿಂದ ಎಬ್ಬಿಸಿದ್ರ ಇನ್ನೊಂದು ಮೂಲ್ಯಾಗ ಕೂಡ್ತಾವ. ಕೂಡೂತನ ನಾಲ್ಕು ಕಾಳು ಕಮ್ಮಿ ತಿಂತಾವ. ಅಷ್ಟ."

ಮುರಾತ್ ಹೇಳಿದ. ಎಮಿನೆ ಆಗ ಕೇಳಿದ ಪ್ರಶ್ನೆಯನ್ನು ನಾನು ಇನ್ನೂ ಮರೆತಿಲ್ಲ: ಹಾಗಾದರೆ ಚಳಿಗಾಲದಲ್ಲಿ ಅವು ಇರುವುದು ನಿಮ್ಮ ಮನೆಯಲ್ಲಾ? ಅವಳ ಅಜ್ಜಿ ಹೇಳುತ್ತಿದ್ದಳಂತೆ, ಅವು ಬಿಸಿಲಿನ ಹಿಂದೆ ಹೋಗುತ್ತವೆ ಅಂತ. ಎಲ್ಲಿಗೆ ಅಂತ ಅಜ್ಜಿಗೂ ಗೊತ್ತಿರಲಿಲ್ಲ.

"ಚಳಿಗಾಲದಾಗ ಎಲ್ಲಿ ಹೋಗ್ತಾವ ಅಂತ ಇಕಿಗೆ ಗೊತ್ತಿಲ್ಲ, ಬ್ಯಾಸಿಗ್ಯಾಗ ಎಲ್ಲಿ ಹೋಗ್ತಾವ ಅಂತ ನಮಗ ಗೊತ್ತಿದ್ದಿಲ್ಲ," ಅಂದಳು ಶಾಂತವ್ವ. ಹೋಗಿ ತನ್ನ ಬ್ಯಾಗಿನಿಂದ ಖಡಕ್ ಜೋಳದ ರೊಟ್ಟಿ ತಂದು ಎಮಿನೆಯ ಕೈಯಲ್ಲಿ ಇಟ್ಟಳು. "ಇದನ್ನ ತಿಂದು ಬರ್ತಾವ ಅನ್ರಿ. ಬಬಲೇಶ್ವರದ್ದು."

ಎಮಿನೆ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿ ನಕ್ಕಳು. ಒಳಗಿನಿಂದ ತನ್ನ ಮನೆಯ ಒಣ ರೊಟ್ಟಿಯ ಅಟ್ಟಿಯನ್ನೇ ತಂದು ತೋರಿಸಿದಳು. ಗೋಧಿಯದು, ನಮ್ಮದಕ್ಕಿಂತ ಅಗಲ, ಚಳಿಗಾಲಕ್ಕೆ ಒಟ್ಟಿಗೆ ಮಾಡಿ ಇಡುವುದಂತೆ. ತಿನ್ನುವ ಮುಂಚೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಾಗುತ್ತದೆ. ಅದೇ ಪ್ರೀತಿಯಿಂದ ನಮ್ಮ ಜೋಳದ ರೊಟ್ಟಿಗೂ ಅರ್ಧ ಚೊಂಬು ನೀರು ಹಾಕಿ ಸುತ್ತಿಬಿಟ್ಟಳು. ಹತ್ತು ನಿಮಿಷದ ಮೇಲೆ ಬಟ್ಟೆ ಬಿಚ್ಚಿದರೆ ನುಚ್ಚಿನ ಮುದ್ದೆ. ಎಮಿನೆ ಅದನ್ನೂ ಬಿಡದೆ ಮೊಸರು ಹಾಕಿಕೊಂಡು ಚಮಚದಲ್ಲಿ ತಿಂದಳು.

ಎರಡನೇ ದಿನ

ಮರುದಿನ ಬೆಳಿಗ್ಗೆ ಶಾಂತವ್ವ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡೇ ತೋಟಕ್ಕೆ ಬಂದಳು. ಹಿಂದೆ ಗುರುಪಾದಪ್ಪನವರು, ಅವರ ಹಿಂದೆ ತಂಡವೆಲ್ಲ. ಟೀಚರರ ಹಕ್ಕಿ ನೋಡುವುದು ಈಗ ತಿಕೋಟಾದ ಮರ್ಯಾದೆಯ ಪ್ರಶ್ನೆಯಾಗಿತ್ತು. ಕಾಲು ಸಪ್ಪಳ ಮಾಡದೆ, ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತರು.

ಹಕ್ಕಿ ಬಂತು. ಇಪ್ಪತ್ತು ಹೆಜ್ಜೆ ದೂರದ ಗೂಟದ ಮೇಲೆ ಕೂತಿತು. ತಲೆ ಹಿಂದಕ್ಕೆ ಚೆಲ್ಲಿತು, ಕೊಕ್ಕು ತೆರೆಯಿತು, ಹಳದಿ ಕೊರಳು ನಡುಗತೊಡಗಿತು.

"ಯಪ್ಪಾ," ಅಂದರು ಗುರುಪಾದಪ್ಪನವರು. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮ ಜ್ವಾಳ ತಿಂದು ಇಲ್ಲಿ ಬಂದು ಹಿಂಗ ಹಾಡತದೇನ್ರೀ ಇದು?"

ನನಗೆ ಗಾಳಿ ಕೇಳುತ್ತಿತ್ತು. ದೂರದ ಟ್ರ್ಯಾಕ್ಟರ್ ಕೇಳುತ್ತಿತ್ತು. ಮಷಿನ್ನಿನ ದನಿ ಏರಿಸಿದೆ. ಅದು ತಾನೇ ಕುಂಯ್ ಅಂದಿತು. ಒಂದು ಕ್ಷಣ ಅದೇ ಹಾಡು ಅಂದುಕೊಂಡು ಕುಣಿಯುವುದೊಂದು ಬಾಕಿ. ಹಕ್ಕಿ ಕೊಕ್ಕು ಮುಚ್ಚಿದಮೇಲೂ ಅದು ಕುಂಯ್ ಅನ್ನುತ್ತಲೇ ಇತ್ತು. ತಗ್ಗಿಸಿದೆ. ಹಕ್ಕಿ ಮತ್ತೆ ಕೊಕ್ಕು ತೆರೆಯಿತು, ಕೊರಳು ಅಲುಗಿತು. ಗಾಳಿ. ಟ್ರ್ಯಾಕ್ಟರ್. ಮತ್ತೇನೂ ಇಲ್ಲ.

"ಕೇಳಿದ್ರೇನ್ರಿ ಟೀಚರ? ಹ್ಯಾಂಗೈತಿ?"

ಹನ್ನೆರಡು ಮುಖಗಳು ನನ್ನ ಕಡೆ ತಿರುಗಿದ್ದವು. "ಲವ್ಲಿ," ಅಂದೆ. "ಸಿಂಪ್ಲಿ ಲವ್ಲಿ. ಎಷ್ಟು ಚಂದ!" ಮೂವತ್ತೆಂಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಕಲಿಸಿದ ಬಾಯಿ.

ಎಲ್ಲರೂ ಮತ್ತೆ ಹಕ್ಕಿಯ ಕಡೆ ತಿರುಗಿದಮೇಲೂ ಶಾಂತವ್ವ ಒಬ್ಬಳು ನನ್ನ ಮುಖ ನೋಡುತ್ತಿದ್ದಳು.

ಊಟದ ಮೇಲೆ ಹಿಪ್ಪುನೇರಳೆ ಮರದ ಕೆಳಗೆ ನಾವಿಬ್ಬರೇ ಇದ್ದಾಗ ಬಂದು ಎದುರಿಗೆ ಕುಳಿತಳು, ಪಕ್ಕಕ್ಕಲ್ಲ, ಎದುರಿಗೆ.

"ಅಕ್ಕಾರ, ನಿಮಗ ಕೇಳಿಸಲಿಲ್ಲ."

"ಯಾರಂದ್ರು ಬೇ?"

"ನಿಮ್ಮ ಮಾರಿ ಅಂತು. ಕೇಳಿಸಿದವರ ಮಾರಿ ಹಂಗ ಇರಂಗಿಲ್ಲ. ಎಷ್ಟ ದಿನ ಆತು?"

"ಎರಡು ವರ್ಷ. ಬಲಗಿವಿ ಪೂರಾ ಇಲ್ಲ."

ಆಕೆ ಎಡ ಬಲ ಲೆಕ್ಕ ಹಾಕಿದಳು. "ವಿಮಾನದಾಗ ನಾ ಬಲಕ್ಕ ಕುಂತಿದ್ದೆ. ಊರಿಂದ ಇಲ್ಲೀತನ ನಮ್ಮ ಸೊಸಿ ಸುದ್ದಿ ಎಲ್ಲಾ ಹೇಳೇನಿ. ಎಲ್ಲಾ ಗಾಳಿಗಿ ಹೋತ?"

ನಗು ಬಂತು, ಅದರ ಹಿಂದೆಯೇ ಅಳು. ಕಾನ್ವೆಂಟಿನಲ್ಲಿ ಎದುರಿಗೆ ಯಾರಾದರೂ ಇದ್ದಾಗ ಅಳಬಾರದು ಅಂತ ಕಲಿಸಿದ್ದರು. ಅದು ಆಗ ನೆನಪಿಗೆ ಬರಲಿಲ್ಲ. "ಇಷ್ಟು ದೂರ ಬಂದೆ ಶಾಂತಾ. ಎದುರಿಗೇ ಹಾಡ್ತು. ಒಂದು ಚೂರೂ ಇಲ್ಲ." ಮೂಗು ಒರೆಸಿಕೊಂಡು ಕೇಳಿದೆ, "ಹ್ಯಾಂಗ ಹಾಡ್ತದ ಅದು? ನೀನರೆ ಹೇಳು."

ಶಾಂತವ್ವ ತೋಟದ ಕಡೆ ತಿರುಗಿದಳು. "ಹಂಗ ಒಮ್ಮೆ ಕೇಳಿ ಹೇಳಾಕ ಬರಂಗಿಲ್ರಿ. ಅದರ ಮುಂದ ಕೂಡಬೇಕು."

ಬಿಸಿಲು ಇಳಿದಮೇಲೆ ಆಕೆ ತೋಟಕ್ಕೆ ಹೋದಳು. ಎಮಿನೆಯೂ ಹಿಂದೆ ಹೋದಳು. ತಂಡದವರೆಲ್ಲ ಊರಿನ ಒಣದ್ರಾಕ್ಷಿ ಗೋದಾಮು ನೋಡಲು ಹೊರಟರು, ನಾನು ತಲೆನೋವು ಅಂದು ಉಳಿದೆ. ಪಡಸಾಲೆಯಿಂದ ನೋಡಿದರೆ ಬಳ್ಳಿಗಳ ಸಾಲಿನ ನಡುವೆ ಎರಡು ತಲೆಗಳು: ಒಂದರ ಮೇಲೆ ಹೂವಿನ ವಸ್ತ್ರ, ಒಂದರ ಮೇಲೆ ಇಳಕಲ್ಲ ಸೀರೆಯ ಸೆರಗು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಶಾಂತವ್ವನ ತುಟಿ ಅಲುಗುವುದು, ಎಮಿನೆ ಅಲ್ಲ ಅಂತ ಕೈ ಆಡಿಸುವುದು, ಮತ್ತೆ ಇಬ್ಬರೂ ಕಾಯುವುದು. ಬೆಳಕು ಹೋಗುವವರೆಗೆ ಎದ್ದು ಬರಲಿಲ್ಲ.

ಹೊರಡುವ ಬೆಳಿಗ್ಗೆ

ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಶಾಂತವ್ವ ನನ್ನನ್ನು ಬಳ್ಳಿಗಳ ನಡುವೆ ಒಂದು ಡಬ್ಬಿ ಬೋರಲು ಹಾಕಿ ಕೂಡಿಸಿದಳು. ತಾನು ನನ್ನ ಎಡಕ್ಕೆ ಕುಳಿತಳು. ಬಾಯಿಯನ್ನು ಕಿವಿಯ ಹತ್ತಿರ ತಂದು, ಗಂಡಸರ ದನಿ ಮಾಡಿಕೊಂಡು ಶುರು ಮಾಡಿದಳು.

"ಜರ್ರ್... ಜರ್ರ್... ಜರ್ ಜರ್ ಜುರ್, ಜುರುಜುರು ಚುರುವೀ ಚುರುವೀ ಚೂ..."

ಮೊದಲು ಎಣ್ಣೆ ಕಾಣದ ಗಾಡಿಯ ಅಚ್ಚಿನ ಹಾಗೆ ಒರಟು, ಎರಡು ಮೂರು ಸಲ ತಡೆದು ತಡೆದು. ಆಮೇಲೆ ಗಾಲಿ ಉರುಳಿದ ಹಾಗೆ ಬೇಗ ಬೇಗ. ಕೊನೆಗೆ ಮೊರದಿಂದ ಕಾಳು ಸುರಿದ ಹಾಗೆ ಇಳಿಜಾರಾಗಿ, ಒಂದರ ಮೇಲೊಂದು ಬಿದ್ದು, ಥಟ್ಟನೆ ನಿಂತುಬಿಡುತ್ತದೆ. ಒಂದೊಂದು ಕಾಳೂ ನನಗೆ ಕೇಳಿತು.

ತಂಡದವರು ಬ್ಯಾಗು ಬಿಟ್ಟು ಒಬ್ಬೊಬ್ಬರಾಗಿ ಬಂದು ಸೇರಿದರು.

"ಶಾಂತಕ್ಕ, ಇದು ಹಕ್ಕಿ ಏನು ಡೀಸೆಲ್ ಇಂಜಿನ್ನ?" ಅಂದರು ಗುರುಪಾದಪ್ಪನವರು.

"ಸುಮ್ಮಿರ್ರಿ ನೀವು. ಅಕ್ಕಾರಿಗೆ ಸಣ್ಣ ದನಿ ಕೇಳಂಗಿಲ್ಲ. ದಪ್ಪ ಮಾಡಿ ಹೇಳಾಕತ್ತೇನಿ."

ಎರಡು ವರ್ಷ ಕೂದಲಿನ ಕೆಳಗೆ ಮುಚ್ಚಿಟ್ಟದ್ದನ್ನು ಒಂದೇ ಉಸಿರಿನಲ್ಲಿ ಊರಿಗೆಲ್ಲ ಹೇಳಿಬಿಟ್ಟಳು. ನಾನು ನೆಲ ನೋಡಿದೆ. ಗುರುಪಾದಪ್ಪನವರು ಕೆಮ್ಮಿದರು. "ಮದಲ ಹೇಳೂದಲ್ರಿ ಟೀಚರ. ನಮ್ಮವ್ವಗೂ ಹಂಗ ಆಗಿತ್ತು," ಅಂದರು, ದೊಡ್ಡ ದನಿಯಲ್ಲಿ, ನನ್ನ ಎಡಕ್ಕೆ ಬಂದು. ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ತಂಡದಲ್ಲಿ ಒಬ್ಬರಿಗೆ ಮಾತ್ರ ಸಂಶಯ. "ಖರೇ ಹಿಂಗ ಐತೋ, ಇಲ್ಲಾ ಮನಸಿಗಿ ಬಂದಂಗ ಹೇಳಾಕತ್ತಾಳೋ?"

ಶಾಂತವ್ವ ಮೂಗು ಮುರಿದಳು. ಎದ್ದು ನಿಂತು, ತುಟಿಗಳನ್ನು ಸಣ್ಣಗೆ ಮಾಡಿ, ದೂರದ ಗೂಟದ ಕಡೆ ತಿರುಗಿದಳು. ತುಟಿ ನಡುಗಿದ್ದು ಕಂಡಿತು. ದನಿ ನನಗೆ ಕೇಳಲಿಲ್ಲ. ಕೇಳಿದ್ದು ಹಕ್ಕಿಗೆ. ದೂರದ ಗೂಟದಿಂದ ಎದ್ದದ್ದು ನೇರವಾಗಿ ನಮ್ಮ ಕಡೆಗೇ ಬಂತು, ನಮ್ಮಿಂದ ಐದಾರು ಮೊಳದ ಬಳ್ಳಿಯ ಮೇಲೆ ಕೂತಿತು. ತನ್ನ ತೋಟದಲ್ಲಿ ತನ್ನ ಹಾಡು ಹಾಡಿದ ಗಂಡು ಯಾವನು ಅಂತ ಆ ಕಡೆ ಈ ಕಡೆ ನೋಡಿತು. ನೆತ್ತಿಯ ಕರಿಗರಿ ನಿಗುರಿಸಿತು. ಕೊಕ್ಕು ತೆರೆಯಿತು.

ಶಾಂತವ್ವ ಒಂದೇ ಹೆಜ್ಜೆಗೆ ನನ್ನ ಎಡಗಿವಿಗೆ ಬಂದಿದ್ದಳು. ಕೊಕ್ಕು ತೆರೆದಾಗ "ಜರ್ರ್," ಕೊರಳು ನಡುಗಿದಾಗ "ಜುರುಜುರು," ತಲೆ ತಗ್ಗಿದಾಗ "ಚುರುವೀ ಚೂ." ಹಕ್ಕಿಗೂ ಆಕೆಗೂ ನಡುವೆ ಒಂದು ಕೂದಲೆಳೆ ಸಂದಿಲ್ಲ. ನನ್ನ ಕಣ್ಣಿನಲ್ಲಿ ಹಕ್ಕಿ, ನನ್ನ ಕಿವಿಯಲ್ಲಿ ಬಬಲೇಶ್ವರ.

ಅದು ಹಕ್ಕಿಯ ದನಿಯಲ್ಲ, ನೆಗೆಣ್ಣಿಯ ದನಿ ಅಂತ ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ. ಬೈನಾಕ್ಯುಲರ್ ಹಿಡಿದು ತಿರುಗುವ ದೊಡ್ಡ ದೊಡ್ಡ ಡಿಗ್ರಿಯವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಒಂದು ಸಂಜೆಯಲ್ಲಿ ಒಂದು ಹಾಡನ್ನು ಹೀಗೆ ಕಲಿತು, ಹಕ್ಕಿಯಿಂದಲೇ ಹೌದು ಅನ್ನಿಸಿಕೊಂಡದ್ದನ್ನು ನಾನು ನೋಡಿಲ್ಲ. ನೋಟ್‌ಬುಕ್ ತೆಗೆದು ಖಾಲಿ ಕಾಲಮ್ಮಿನಲ್ಲಿ ಬರೆದೆ: 'ಕೇಳಿದೆ. ಮಾರ್ಫತ್ ಶಾಂತವ್ವ.' ಆಕೆ ಏನು ಬರೆದಿರಿ ಅಂತ ಕೇಳಿದಳು. ಓದಿ ಹೇಳಿದೆ. "ನನ್ನ ಹೆಸರು ಯಾಕ ಹಾಕಿದ್ರಿ, ಹಕ್ಕಿ ಹೆಸರು ಹಾಕ್ರಿ," ಅಂದಳು. ಆದರೆ ಮತ್ತೊಮ್ಮೆ ಓದಿಸಿದಳು. ಎಮಿನೆ ತೊಡೆ ತಟ್ಟಿ "ಮಾಷಾಲ್ಲಾ" ಅಂದಳು. ಅದಕ್ಕೆ ನನ್ನ ಅನುವಾದವನ್ನು ಯಾರೂ ಕೇಳಲಿಲ್ಲ. ಗುರುಪಾದಪ್ಪನವರು ಮುರಾತ್‌ನ ಹೆಗಲ ಮೇಲೆ ಕೈ ಹಾಕಿ ಕನ್ನಡದಲ್ಲೇ ಹೇಳುತ್ತಿದ್ದರು: "ನಮ್ಮ ತಿಕೋಟಾದ ಸೊಸಿ ಅಕಿ. ತಿಳೀತೇನು? ತಿಕೋಟಾ!"

ಬಸ್ಸು ಹೊರಟಿತು. ಶಾಂತವ್ವ ನನ್ನನ್ನು ಕಿಟಕಿಗೆ ಕೂಡಿಸಿ, ತಾನು ಎಡಕ್ಕೆ ಕುಳಿತಿದ್ದಳು. ಎಮಿನೆ ರಸ್ತೆಯ ಅಂಚಿಗೆ ಬಂದು ನಿಂತಳು. ಬೀಳ್ಕೊಡುವಾಗ ಬಸ್ಸಿನ ಹಿಂದೆ ನೀರು ಚೆಲ್ಲುವುದು ಅಲ್ಲಿಯ ಪದ್ಧತಿ, ನೀರಿನ ಹಾಗೆ ಹಗುರಾಗಿ ಹೋಗಿ ತಿರುಗಿ ಬರಲಿ ಅಂತ. ಚೆಲ್ಲಿದಳು. ತಂಬಿಗೆ ಕೆಳಗಿಟ್ಟಳು. ಆಮೇಲೆ ಥಟ್ಟನೆ ಏನೋ ನೆನಪಾದವಳಂತೆ ಕಿಟಕಿಯಲ್ಲಿದ್ದ ನನ್ನನ್ನು ಹುಡುಕಿ, ಬಲಗೈ ಮೇಲೆತ್ತಿ, ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಕೂಡಿಸಿ ಬಿಟ್ಟು, ಕೂಡಿಸಿ ಬಿಟ್ಟು ತೋರಿಸಿದಳು. ಅವಳ ಹಿಂದೆ ತೋಟದಲ್ಲಿ ಅದು ಹಾಡುತ್ತಿತ್ತು. ಹಾಡುತ್ತಿದೆ ಅಂತ ನನಗೆ ಹೇಳುತ್ತಿದ್ದಳು. ಶಾಂತವ್ವನಿಗೆ ಕೇಳಿರಬೇಕು, ನನ್ನ ಕಿವಿಯಲ್ಲಿ ಶುರು ಮಾಡಿದಳು. ಎಮಿನೆಯನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ: ಧೂಳಿನ ರಸ್ತೆಯ ಮೇಲೆ ಕೈ ಎತ್ತಿಕೊಂಡು, ಬಸ್ಸು ತಿರುವು ದಾಟುವವರೆಗೂ ಬೆರಳು ನಿಲ್ಲಿಸದೆ.